50 ರೂಪಾಯಿ ದಂಡ ಎಲ್ಲಿಂದ ಬಂತು?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವವನು, ಊರು ಕಾರ್ಕಳದ ಕಡೆ. ನಮ್ಮ ಸೊಸೈಟಿಯ ಗೇಟಿನ ಹತ್ತಿರ ಮಲಗುವ ಬೀದಿನಾಯಿಗೆ ಒಬ್ಬರು ಕಬ್ಬಿಣದ ಸಲಾಕೆಯಿಂದ ಹೊಡೆದು ಹಿಂಗಾಲು ಮುರಿದರು. ಮಗಳು ಪೊಲೀಸ್ ಠಾಣೆಗೆ ಹೋದಳು. ಅಲ್ಲಿ ಎನ್‌ಸಿ (ಎಫ್‌ಐಆರ್ ಅಲ್ಲದ ಬರೀ ನಮೂದು) ಬರೆದುಕೊಂಡು, "ಜಾಸ್ತಿ ಅಂದ್ರೆ 50 ರೂಪಾಯಿ ದಂಡ" ಎಂದು ಹೇಳಿ ಕಳಿಸಿದರು. ಅಂದಿನಿಂದ ಮನೆಯಲ್ಲಿ ಇದೇ ವಾದ. ಪ್ರಾಣಿಗಳಿಗೆ ಕಾನೂನು, ಸಂಘ ಎಂಬುದೆಲ್ಲ ಇಂಗ್ಲಿಷರು ಬಿಟ್ಟುಹೋದ ಶೋಕಿ ಅಂತ ನಾನು. ಮಗಳು ಒಪ್ಪುವುದಿಲ್ಲ. ಇವೆಲ್ಲ ಹುಟ್ಟಿದ್ದು ಹೇಗೆ? ಬೇರೆ ದೇಶಗಳಲ್ಲಿ ಹೇಗಿದೆ? ನಮ್ಮ ಕಂಬಳ ನಿಲ್ಲಿಸಲು ಹೊರಟವರೂ ಇದೇ ಜನ ಅಲ್ವಾ?

ಉತ್ತರ: ಮೊದಲು ನಾಯಿಯ ಕಾಲಿನ ವಿಷಯ ಮುಗಿಸೋಣ, ಇತಿಹಾಸ ಆಮೇಲೆ. ಠಾಣೆಯಲ್ಲಿ ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಪ್ರಾಣಿಯನ್ನು ಹೊಡೆದರೆ, ಒದ್ದರೆ, ಮಿತಿಮೀರಿ ಭಾರ ಹೇರಿದರೆ ಮೊದಲ ಸಲ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬರೀ ಹೊಡೆದ ಅಪರಾಧಕ್ಕೆ ಪೊಲೀಸರು ಕೋರ್ಟನ್ನು ಕೇಳದೆ ತಾವಾಗಿ ತನಿಖೆಗೆ ಇಳಿಯುವಂತಿಲ್ಲ. ಅದಕ್ಕೇ ಎನ್‌ಸಿ.

ಆದರೆ ಇಲ್ಲಿ ಕಾಲು ಮುರಿದಿದೆ. ಆಗ ಇನ್ನೊಂದು ಕಾನೂನು ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ. ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಅಂಗ ಊನ ಮಾಡಿದರೆ ಐದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಇದಕ್ಕೆ ಎಫ್‌ಐಆರ್ ಆಗುತ್ತದೆ. ಮಗಳಿಗೆ ಹೇಳಿ: ಪಶುವೈದ್ಯರ ಹತ್ತಿರ ನಾಯಿಯ ಎಕ್ಸ್‌ರೇ ತೆಗೆಸಲಿ, ಯಾವ ಮೂಳೆ ಹೇಗೆ ಮುರಿದಿದೆ ಎಂದು ಸರ್ಟಿಫಿಕೇಟ್ ಬರೆಸಿಕೊಳ್ಳಲಿ, ಗೇಟಿನ ಸಿಸಿಟಿವಿ ಚಿತ್ರ ಅಳಿಸಿಹೋಗುವ ಮೊದಲು ಕಾಪಿ ಮಾಡಿಸಲಿ. ಈ ಮೂರೂ ಕೈಯಲ್ಲಿ ಹಿಡಿದು, 325ನೇ ಕಲಂ ಹಾಕಿ ಎಂದು ಲಿಖಿತ ದೂರು ಕೊಡಲಿ. ಕಾಗದ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಇದನ್ನು ಎಷ್ಟೋ ಸಲ ನೋಡಿದ್ದೇನೆ.

ಈ 325ನೇ ಕಲಂಗೆ ಇಬ್ಬರು ಹಳೆಯ ಅಣ್ಣಂದಿರು ಇದ್ದರು. 1860ರ ದಂಡ ಸಂಹಿತೆಯ 428 ಮತ್ತು 429. ಒಂದು, 10 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯ ಪ್ರಾಣಿಗೆ. ಇನ್ನೊಂದು, ಆನೆ, ಒಂಟೆ, ಕುದುರೆ, ಎಮ್ಮೆ, ದನಗಳಿಗೆ ಮತ್ತು 50 ರೂಪಾಯಿಗಿಂತ ಕಡಿಮೆಯಿಲ್ಲದ ಬೇರೆ ಪ್ರಾಣಿಗೆ. ಅಂದರೆ ಬೆಲೆ ನೋಡಿ ಶಿಕ್ಷೆ. ನಿಮ್ಮ ಕೋಣವನ್ನು ನಾನು ಕೊಂದರೆ ನಷ್ಟ ನಿಮ್ಮದು, ಅದಕ್ಕೆ ನನಗೆ ಜೈಲು. ಕೋಣಕ್ಕೆ ನೋವಾಯಿತಾ ಎಂದು ಆ ಕಲಂ ಕೇಳುತ್ತಿರಲಿಲ್ಲ. ಸೊತ್ತಿಗೆ ಹಾನಿ ಎಂಬ ಲೆಕ್ಕವೇ ಹೊಸ ಸಂಹಿತೆಯಲ್ಲೂ ಉಳಿದಿದೆ, ಬೆಲೆಯ ಮಾತು ಮಾತ್ರ ಹೋಗಿದೆ. ಹಾಗಾಗಿ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಕೇಳುತ್ತೇನೆ. ಯಜಮಾನನ ನಷ್ಟವನ್ನು ಬಿಟ್ಟು, ಪ್ರಾಣಿಯ ನೋವನ್ನೇ ಕಾನೂನು ಲೆಕ್ಕಕ್ಕೆ ಹಿಡಿದದ್ದು ಯಾವಾಗ?

ಪ್ರೀತಿಯ ಬಗ್ಗೆ ಕೇಳುವುದಾದರೆ ನಾವು ಯಾರಿಗೂ ಸಾಲಗಾರರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೆನಪಿದೆಯಾ? 10ನೇ ಶತಮಾನದ್ದು. ಏನು ಬೇಕೋ ಕೇಳು ಎಂದ ಗಂಗ ದೊರೆ ಬೂತುಗನ ಹತ್ತಿರ ಮಣಲೆರ ಎಂಬ ವೀರ ಊರನ್ನೂ ಕೇಳಲಿಲ್ಲ, ಹೊನ್ನನ್ನೂ ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಅದು ಕಾಡುಹಂದಿಯ ಜೊತೆ ಕಾದಾಡಿ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿದರು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಇಲ್ಲೇ ನಮ್ಮ ನಾಲಾಸೋಪಾರಾದಲ್ಲಿ, ವಿರಾರ್ ಲೋಕಲಿಗೆ ನೇತುಬಿದ್ದು ಹೋಗುವ ಜಾಗದಲ್ಲಿ, 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅವರಿಗೆ ಅಶೋಕನ ಎಂಟನೇ ಬಂಡೆ ಶಾಸನದ ತುಣುಕು ಸಿಕ್ಕಿತು. ಹಿಂದಿನ ರಾಜರು ಬೇಟೆ ಮೋಜಿಗೆ ಹೋಗುತ್ತಿದ್ದರು, ನಾನು ಅದರ ಬದಲು ಧರ್ಮಯಾತ್ರೆ ಹೊರಟೆ ಎನ್ನುವ ಶಾಸನ ಅದು. ದನಕರುಗಳಿಗೂ ಮನುಷ್ಯರಂತೆ ಔಷಧಿಯ ವ್ಯವಸ್ಥೆ ಮಾಡಿದ್ದೇನೆ ಎಂದು ಆತನ ಎರಡನೇ ಶಾಸನ ಹೇಳುತ್ತದೆ.

ಇನ್ನೊಬ್ಬ ಸಾಕ್ಷಿ ನಿಮ್ಮ ಊರಿನ ಕಡೆಯನ್ನೂ ಕಂಡವನು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಗುಜರಾತಿನ ಖಂಬಾತ್‌ನಲ್ಲಿ ಗಾಯಗೊಂಡ ಹಕ್ಕಿಗಳ ಆಸ್ಪತ್ರೆ ನೋಡಿ ಬೆರಗಾದ. ಅದೇ ಮನುಷ್ಯ ಮುಂದೆ ಗೋವಾಕ್ಕೆ ಬಂದ, ಅಲ್ಲಿಂದ ಇಕ್ಕೇರಿಗೆ ಹೋಗಿ ವೆಂಕಟಪ್ಪ ನಾಯಕನ ದರ್ಬಾರು ನೋಡಿದ, ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿಸಿದ. ಆ ಕಾಲದ ಯುರೋಪಿನವರಿಗೆ ಪ್ರಾಣಿಗೆ ಆಸ್ಪತ್ರೆ ಎನ್ನುವುದು ಊರಿಗೆ ಹೋಗಿ ಹೇಳಿಕೊಳ್ಳುವಂಥ ವಿಚಿತ್ರ.

ಆದರೆ ಒಂದು ಸೂಕ್ಷ್ಮ ಗಮನಿಸಿ. ಇಲ್ಲೆಲ್ಲ ಪ್ರಾಣಿಯನ್ನು ಸಾಕಿದರು, ಮದ್ದು ಕೊಟ್ಟರು, ಕಲ್ಲು ನೆಟ್ಟರು. ಅದು ಮಾಡಿದವನ ಪುಣ್ಯ. ಹೊಡೆಯುವವನ ಕೈ ಹಿಡಿಯುವ ಕೆಲಸ ಬೇರೆಯೇ. ಅದನ್ನು ರಾಜನೊಬ್ಬ ಮೇಲಿನಿಂದ ಹೇರಿದರೆ ಏನಾಗುತ್ತದೆ ಎಂಬುದಕ್ಕೆ ಜಪಾನ್ ನೋಡಿ. 1680ರಲ್ಲಿ ಅಧಿಕಾರಕ್ಕೆ ಬಂದ ಶೋಗನ್ ತೊಕುಗಾವಾ ತ್ಸುನಯೋಶಿ ಪ್ರಾಣಿದಯೆಯ ಆಜ್ಞೆಗಳನ್ನು ಒಂದರ ಹಿಂದೆ ಒಂದು ಹೊರಡಿಸಿದ. ನಾಯಿಗೆ ಹೊಡೆದವರಿಗೆ ಕಠಿಣ ಶಿಕ್ಷೆ. ರಾಜಧಾನಿಯ ಹೊರಗೆ ಬೀದಿನಾಯಿಗಳಿಗೆ ದೊಡ್ಡ ದೊಡ್ಡಿ ಕಟ್ಟಿಸಿದ, ಖರ್ಚಿಗೆ ಜನರ ಮೇಲೆ ತೆರಿಗೆ. ಜನ ಅವನನ್ನು ನಾಯಿ ಶೋಗನ್ ಎಂದು ಆಡಿಕೊಂಡರು. 1709ರಲ್ಲಿ ಅವನು ಸತ್ತ, ಮುಂದಿನವನು ಬಂದ ಕೂಡಲೇ ನಾಯಿಯ ಕಾನೂನುಗಳು ರದ್ದಾದವು.

ಈಗ ಇಂಗ್ಲೆಂಡಿಗೆ ಹೋಗೋಣ. ಇಲ್ಲಿ ನಿಮ್ಮ ಮಾತಿಗೆ ಸ್ವಲ್ಪ ಬಲ ಇದೆ. 1635ರಲ್ಲಿ ಐರ್ಲೆಂಡಿನಲ್ಲಿ ಕುದುರೆಯ ಬಾಲಕ್ಕೆ ನೇಗಿಲು ಕಟ್ಟಬಾರದು ಎಂಬ ಕಾನೂನು, 1641ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸಾಕುಪ್ರಾಣಿಗೆ ಕ್ರೌರ್ಯ ತೋರಬಾರದೆಂಬ ಒಂದು ಸಾಲು, ಹೀಗೆ ಬಿಡಿ ಬಿಡಿಯಾಗಿ ಇದ್ದವು. ಆದರೆ ಇಡೀ ದೇಶಕ್ಕೆ ಅನ್ವಯಿಸಿ, ಕೋರ್ಟಿನಲ್ಲಿ ನಿಂತು ಕೆಲಸ ಮಾಡಿದ ಕಾನೂನು ಬಂದದ್ದು 1822ರಲ್ಲಿ. ತಂದವನು ರಿಚರ್ಡ್ ಮಾರ್ಟಿನ್, ಐರ್ಲೆಂಡಿನ ಗಾಲ್ವೇ ಕಡೆಯ ಸಂಸದ. ಸುಲಭವಾಗಿ ಬರಲಿಲ್ಲ. ಅದಕ್ಕೂ ಮೊದಲು 1800ರಿಂದ ಇಂಥ ಮಸೂದೆಗಳು ಬರುತ್ತಲೇ ಇದ್ದವು, ಬೀಳುತ್ತಲೇ ಇದ್ದವು. ಇವತ್ತು ಕುದುರೆಗೆ ಕೇಳುತ್ತೀರಿ, ನಾಳೆ ಕತ್ತೆಗೆ, ನಾಡಿದ್ದು ನಾಯಿ ಬೆಕ್ಕಿಗೂ ಕೇಳುತ್ತೀರಿ ಎಂದು ಸದಸ್ಯರು ನಗುತ್ತಿದ್ದರು. ಕಡೆಗೆ ಪಾಸಾದ ಕಾನೂನಿನಲ್ಲಿ ಕುದುರೆ, ಕತ್ತೆ, ದನ, ಕುರಿ ಇದ್ದವು. ನಾಯಿ ಇಲ್ಲ, ಬೆಕ್ಕು ಇಲ್ಲ. ಹೋರಿ ಇದೆಯೋ ಇಲ್ಲವೋ ಎಂದು ಕೋರ್ಟಿನಲ್ಲಿ ಚರ್ಚೆ ನಡೆದು, ಇಲ್ಲ ಎಂದಾಯಿತು! ದಂಡ 10 ಶಿಲಿಂಗ್‌ನಿಂದ 5 ಪೌಂಡ್.

ಮಾರ್ಟಿನ್ ಕಾನೂನು ಮಾಡಿ ಮನೆಯಲ್ಲಿ ಕೂರಲಿಲ್ಲ. ತಾನೇ ಬೀದಿಗಿಳಿದು ಹೊಡೆಯುವವರನ್ನು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದ. ಬಿಲ್ ಬರ್ನ್ಸ್ ಎಂಬ ತಳ್ಳುಗಾಡಿ ವ್ಯಾಪಾರಿ ಕತ್ತೆಗೆ ಹೊಡೆದಾಗ, ಕತ್ತೆಯನ್ನೇ ಕೋರ್ಟಿಗೆ ಕರೆತಂದು ಗಾಯ ತೋರಿಸಿದ ಎಂಬ ಕಥೆ ಇಂದಿಗೂ ಪ್ರಸಿದ್ಧ. ಆದರೆ ಒಬ್ಬನೇ ಎಷ್ಟು ಬೀದಿ ಸುತ್ತುತ್ತಾನೆ? ಪೊಲೀಸ್ ವ್ಯವಸ್ಥೆಯೇ ಸರಿಯಾಗಿ ಇರದಿದ್ದ ಕಾಲ ಅದು. ಅದಕ್ಕಾಗಿ 1824ರ ಜೂನ್ 16ರಂದು ಲಂಡನ್ನಿನ ಒಂದು ಕಾಫಿ ಹೌಸಿನಲ್ಲಿ ಕೆಲವರು ಸೇರಿ ಪ್ರಾಣಿ ಹಿಂಸೆ ತಡೆ ಸಂಘ ಕಟ್ಟಿದರು. ಹೋಟೆಲಿನವರು ನೀವು, ನಿಮಗೆ ಖುಷಿಯಾಗಬಹುದು. ಆ ಕಾಫಿ ಹೌಸಿನ ಹೆಸರು ಓಲ್ಡ್ ಸ್ಲಾಟರ್ಸ್, ಕನ್ನಡದಲ್ಲಿ ಹೇಳಿದರೆ ಹಳೇ ಕಸಾಯಿ!

ಸಂಘದ ಮುಂದಾಳು ಪಾದ್ರಿ ಆರ್ಥರ್ ಬ್ರೂಮ್. ಸಂಘದ ಸಾಲ ತೀರಿಸಲಾಗದೆ 1826ರಲ್ಲಿ ಜೈಲು ಸೇರಿದ. ಆಮೇಲೆ ಲೂಯಿಸ್ ಗೊಂಪರ್ಟ್ಸ್ ಎಂಬ ಯಹೂದಿ ಕೈಯಿಂದ ಹಣ ಹಾಕಿ ಅದನ್ನು ಉಳಿಸಿದ. ಮಾಂಸ ತಿನ್ನುತ್ತಿರಲಿಲ್ಲ, ಹಾಲನ್ನೂ ಬಿಟ್ಟಿದ್ದ, ಕುದುರೆಗಾಡಿ ಹತ್ತುತ್ತಿರಲಿಲ್ಲ. 1832ರಲ್ಲಿ, ಇದು ಕ್ರೈಸ್ತ ತತ್ವದ ಸಂಘ ಎಂದು ಉಳಿದವರು ಪಟ್ಟು ಹಿಡಿದದ್ದರಿಂದ ಅವನು ಹೊರಬೀಳಬೇಕಾಯಿತು. ನಮ್ಮ ಸಂಘಗಳ ವಾರ್ಷಿಕ ಮಹಾಸಭೆ ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. 1840ರಲ್ಲಿ ರಾಣಿ ವಿಕ್ಟೋರಿಯಾ ಸಂಘಕ್ಕೆ ರಾಜಮನೆತನದ ಹೆಸರು ಬಳಸಲು ಬಿಟ್ಟಳು, ಅಲ್ಲಿಂದ ಅದು ದೊಡ್ಡವರ ಸಂಘವಾಯಿತು. ದೊಡ್ಡವರ ಸಂಘ ಬಡವರ ಮೋಜನ್ನು ಮೊದಲು ಹಿಡಿಯುತ್ತದೆ. ಹೋರಿಗೆ ನಾಯಿ ಛೂ ಬಿಡುವ ಆಟ 1835ರಲ್ಲೇ ನಿಂತಿತು. ಶ್ರೀಮಂತರು ಕುದುರೆಯೇರಿ ನಾಯಿ ಬಿಟ್ಟು ನರಿ ಬೇಟೆಯಾಡುವುದು ನಿಂತದ್ದು 2004ರ ಕಾನೂನಿನಿಂದ. ನೀವು ಶೋಕಿ ಎನ್ನುವ ಪದ ಬಳಸಿದಿರಲ್ಲ, ಈ ಜಾಗದಲ್ಲಿ ಅದು ತಕ್ಕಮಟ್ಟಿಗೆ ಹೊಂದುತ್ತದೆ.

ಆದರೆ ಗೊಂಪರ್ಟ್ಸ್ ಹೊರಬಿದ್ದ ಅದೇ 1832ರಲ್ಲಿ ನಮ್ಮ ಮುಂಬಯಿಯಲ್ಲಿ ಏನಾಯಿತು ಗೊತ್ತಾ? ಆಗ ಇಲ್ಲಿ ಬೇಸಿಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಪದ್ಧತಿ ಇತ್ತು. ಕೊಂದವರಿಗೆ ನಾಯಿಗಿಷ್ಟು ಎಂದು ಹಣ. ಹಣ ಇದ್ದ ಮೇಲೆ ಬೀದಿನಾಯಿ, ಮನೆನಾಯಿ ಎಂದು ಯಾರು ನೋಡುತ್ತಾರೆ? ಆ ವರ್ಷ ಕೊಲ್ಲುವ ಅವಧಿಯನ್ನು ಜೂನ್ ಮಧ್ಯದವರೆಗೆ ಹಿಗ್ಗಿಸಿದರು. ಜೂನ್ 6, ಪಾರ್ಸಿಗಳಿಗೆ ಪವಿತ್ರ ದಿನ. ಪಾರ್ಸಿಗಳಲ್ಲಿ ನಾಯಿಗೆ ಧರ್ಮದಲ್ಲೇ ಸ್ಥಾನವಿದೆ, ಶವಸಂಸ್ಕಾರದಲ್ಲೂ ನಾಯಿಯ ದೃಷ್ಟಿ ಬೀಳಬೇಕು. ಅಂಥ ದಿನ ಅವರ ಕಣ್ಣೆದುರೇ ನಾಯಿ ಹಿಡಿಯುತ್ತಿದ್ದ ಇಬ್ಬರು ಕಾನ್‌ಸ್ಟೇಬಲ್‌ಗಳ ಮೇಲೆ ಜನ ಮುಗಿಬಿದ್ದರು. ಮರುದಿನ ಬಂದ್. ಪಾರ್ಸಿಗಳ ಜೊತೆ ಹಿಂದೂಗಳು, ಜೈನರು, ಇಸ್ಮಾಯಿಲಿ ಮುಸ್ಲಿಮರೂ ಸೇರಿದರು. ಅಂಗಡಿ ಮುಚ್ಚಿದವು. ಕೋಟೆಯೊಳಗಿನ ಇಂಗ್ಲಿಷರಿಗೆ ಸಾಮಾನು ಹೋಗದಂತೆ ತಡೆದರು. ಸೈನ್ಯ ಬಂದು ಗಲಾಟೆ ನಿಲ್ಲಿಸಿತು.

ಗಲಾಟೆ ಮುಗಿದ ಮೇಲೆ ಸರ್ ಜಮ್‌ಷೆಟ್‌ಜಿ ಜೀಜೀಭಾಯಿ ಮತ್ತು ಜೈನ, ಹಿಂದೂ ವ್ಯಾಪಾರಿಗಳು ಸೇರಿ ಒಂದು ದಾರಿ ಹುಡುಕಿದರು. ಕೊಲ್ಲುವ ನಾಯಿಗಳನ್ನು ನಮಗೆ ಕೊಡಿ, ನಾವು ಸಾಕುತ್ತೇವೆ. 1834ರಲ್ಲಿ ಭುಲೇಶ್ವರದಲ್ಲಿ ಪಾಂಜರಾಪೋಳ, ಅಂದರೆ ದಿಕ್ಕಿಲ್ಲದ ಪ್ರಾಣಿಗಳನ್ನು ಸಾಕುವ ಜಾಗ, ಶುರುವಾಯಿತು. ಖರ್ಚಿಗೆ ವ್ಯಾಪಾರಿಗಳು ತಮ್ಮ ಸರಕಿನ ಮೇಲೆ ತಾವೇ ಲಾಗಾ ಎಂಬ ವಂತಿಗೆ ಹಾಕಿಕೊಂಡರು. ಇಂದಿಗೂ ಸಿ.ಪಿ. ಟ್ಯಾಂಕ್ ಹತ್ತಿರದ ಆ ಗಲ್ಲಿಯೊಳಗೆ ಹೋದರೆ, ಅಷ್ಟೊಂದು ಗದ್ದಲದ ನಡುವೆ ದನಗಳ ಸಾಲು, ಹುಲ್ಲಿನ ಕಟ್ಟು ಹಿಡಿದು ನಿಂತ ಜನ ಕಾಣುತ್ತಾರೆ. ಇಂಗ್ಲಿಷ್ ಸರ್ಕಾರ ನಾಯಿ ಕೊಲ್ಲುತ್ತಿತ್ತು, ಅದರ ವಿರುದ್ಧ ಊರೇ ಬಾಗಿಲು ಹಾಕಿತ್ತು. ಇದನ್ನು ಇಂಗ್ಲಿಷರ ಶೋಕಿ ಎಂದು ಹೇಗೆ ಹೇಳುತ್ತೀರಿ?

ಹೀಗೆ ದಾರಿ ಎರಡು. ಲಂಡನ್ನಿನ ದಾರಿ ಹಿಡಿದು ದಂಡ ಹಾಕುವುದು. ಭುಲೇಶ್ವರದ ದಾರಿ ಉಳಿಸಿ ಸಾಕುವುದು. ಮೊದಲನೆಯದಕ್ಕೆ ಪೊಲೀಸು ಬೇಕು, ಎರಡನೆಯದಕ್ಕೆ ದುಡ್ಡು ಬೇಕು. ಎರಡಕ್ಕೂ ಒಂದೊಂದು ಕುರುಡು ಇದೆ. ದಂಡದ ದಾರಿ, ಹೊಡೆಸಿಕೊಂಡ ಪ್ರಾಣಿ ಆಮೇಲೆ ಎಲ್ಲಿ ಹೋಯಿತು ಎಂದು ನೋಡುವುದಿಲ್ಲ. ಸಾಕುವ ದಾರಿ, ಪ್ರಾಣಿ ಉಸಿರಾಡುತ್ತಿದ್ದರೆ ಸಾಕು ಎನ್ನುತ್ತದೆ. ವಾಸಿಯಾಗದ ಗಾಯದಲ್ಲಿ ವಾರಗಟ್ಟಲೆ ನರಳುವ ದನಕ್ಕೆ ಕೊನೆಯ ಇಂಜೆಕ್ಷನ್ ಕೊಡಲು ಒಪ್ಪದ ಜಾಗಗಳಲ್ಲಿ ನಾನು ಕೈಕಟ್ಟಿ ನಿಂತದ್ದುಂಟು. ಪಶುವೈದ್ಯನಾಗಿ ನನಗೆ ತೀರಾ ಕಷ್ಟವೆನಿಸಿದ ಗಳಿಗೆಗಳು ಅವು.

ಲಂಡನ್ನಿನ ಮಾದರಿ ಬೇರೆ ದೇಶಗಳಿಗೆ ಬೇಗ ಹರಡಿತು. ಫ್ರಾನ್ಸ್‌ನಲ್ಲಿ 1850ರ ಗ್ರಾಮೊಂ ಕಾನೂನು ಬಂತು, ಸಾಕುಪ್ರಾಣಿಯನ್ನು ಸಾರ್ವಜನಿಕವಾಗಿ ಹಿಂಸಿಸಿದರೆ ಮಾತ್ರ ದಂಡ ಎಂದಿತು. ಮನೆಯ ಹಿತ್ತಿಲಿನಲ್ಲಿ ಹೊಡೆದರೆ ಪರವಾಗಿಲ್ಲ! ನೋಡುವವರ ಕಣ್ಣಿಗೆ ನೋವಾಗಬಾರದು ಎಂಬಷ್ಟೇ ಆಸೆ. ಈ ಷರತ್ತು ಹೋಗಲು 1959 ಬೇಕಾಯಿತು. ನ್ಯೂಯಾರ್ಕಿನಲ್ಲಿ 1866ರಲ್ಲಿ ಹೆನ್ರಿ ಬರ್ಗ್ ಅಮೆರಿಕದ ಸಂಘ ಕಟ್ಟಿದ. ಮರುವರ್ಷವೇ ಗಾಯಗೊಂಡ ಕುದುರೆಗಳಿಗೆ ಆ್ಯಂಬುಲೆನ್ಸ್ ಓಡಿಸಿದ. 1874ರಲ್ಲಿ ಮೇರಿ ಎಲೆನ್ ಎಂಬ ಪುಟ್ಟ ಹುಡುಗಿಯನ್ನು ಸಾಕುತಾಯಿ ಹಿಂಸಿಸುತ್ತಿದ್ದಾಗ, ಬೇರೆ ದಾರಿ ಕಾಣದೆ ಒಬ್ಬ ಸಮಾಜಸೇವಕಿ ಬರ್ಗ್‌ನ ಬಾಗಿಲು ತಟ್ಟಿದಳು. ಪ್ರಾಣಿಗಳ ಕಾನೂನು ಬಳಸಿ ಹುಡುಗಿಯನ್ನು ಬಿಡಿಸಿದರು ಎಂದು ವಾಟ್ಸ್ಯಾಪ್‌ನಲ್ಲಿ ಓಡಾಡುತ್ತದೆ, ಅದು ಸರಿಯಲ್ಲ. ಬಿಡಿಸಿದ್ದು ಮಾಮೂಲಿ ಕಾನೂನಿನಲ್ಲೇ. ಆದರೆ ಆ ಕೇಸಿನಿಂದಲೇ ಮಕ್ಕಳ ರಕ್ಷಣೆಗೆ ಮೊದಲ ಸಂಘ ಹುಟ್ಟಿತು ಎಂಬುದು ನಿಜ. ಪ್ರಾಣಿಗಳ ಸಂಘ ಮೊದಲು, ಮಕ್ಕಳದ್ದು ಆಮೇಲೆ. ಈ ಕ್ರಮ ನೆನೆದಾಗ ನನಗೆ ಒಂಥರಾ ಆಗುತ್ತದೆ.

ಭಾರತದಲ್ಲಿ ಮೊದಲು ಕಲ್ಕತ್ತಾ. 1861ರಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಅಲ್ಲಿ ಸಂಘ ಶುರುಮಾಡಿದ. ಮುಂಬಯಿಯ ಸಂಘ 1874ರಲ್ಲಿ. ಆದರೆ ಮುಂಬಯಿ ಸುಮ್ನೆ ಲಂಡನ್ನಿನ ನಕಲು ಮಾಡಲಿಲ್ಲ. ಗಿರಣಿ ಮಾಲೀಕ ದಿನ್‌ಶಾ ಮಾಣಿಕ್‌ಜಿ ಪೆಟಿಟ್ ತನ್ನ ಪತ್ನಿ ಬಾಯಿ ಸಕರ್‌ಬಾಯಿಯ ಹೆಸರಲ್ಲಿ ಪರೇಲ್‌ನಲ್ಲಿ ಪ್ರಾಣಿಗಳ ಆಸ್ಪತ್ರೆ ಕಟ್ಟಿಸಿದ. ಪಕ್ಕದಲ್ಲೇ 1886ರಲ್ಲಿ ವೆಟರ್ನರಿ ಕಾಲೇಜು ಬಂತು. ನಾನು ಓದಿದ್ದು ಅಲ್ಲೇ. ಇನ್‌ಸ್ಪೆಕ್ಟರು ಬೀದಿಯಲ್ಲಿ ಕುಂಟುವ ಎತ್ತನ್ನು ಹಿಡಿದರೆ ಅದು ಆಸ್ಪತ್ರೆಗೆ ಬರಬೇಕು, ಗಾಡಿಯವನು ದಂಡವನ್ನೂ ಕಟ್ಟಬೇಕು. ದಂಡ ಮತ್ತು ಮದ್ದು ಒಂದೇ ಕಾಂಪೌಂಡಿನಲ್ಲಿ. ಎರಡು ದಾರಿ ಕೂಡಿದ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಪರೇಲ್ ಎನ್ನುತ್ತೇನೆ. ಓದಿದ ಕಾಲೇಜಿನ ಅಭಿಮಾನ ಸ್ವಲ್ಪ ಇದೆ, ಅದನ್ನು ಕಳೆದು ಓದಿಕೊಳ್ಳಿ.

1890ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಒಂದು ಕಾಯ್ದೆ ಬಂತು. ಸ್ವಾತಂತ್ರ್ಯ ಬಂದ ಮೇಲೂ ಅದೇ ನಡೆಯುತ್ತಿತ್ತು. ಅದನ್ನು ಬದಲಿಸಲು ಹೊರಟವರು ಇಂಗ್ಲಿಷರಲ್ಲ, ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್. ರಾಜ್ಯಸಭೆಯ ಸದಸ್ಯೆಯಾಗಿದ್ದ ಅವರು 1953ರಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಮಸೂದೆ ತರುತ್ತದೆ, ನಿಮ್ಮದನ್ನು ವಾಪಸು ತೆಗೆದುಕೊಳ್ಳಿ ಎಂದು ನೆಹರೂ ಒಪ್ಪಿಸಿದರು. ಏಳು ವರ್ಷ ಕಳೆದು 1960ರ ಕಾಯ್ದೆ ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಆಯಿತು, ರುಕ್ಮಿಣಿ ದೇವಿಯವರೇ ಮೊದಲ ಅಧ್ಯಕ್ಷೆ. ಒಂದು ದೇಶದ ಸರ್ಕಾರವೇ ಪ್ರಾಣಿಗಳಿಗೆಂದು ಶಾಸನಬದ್ಧ ಮಂಡಳಿ ಮಾಡುವುದು ಆ ಕಾಲಕ್ಕೆ ಅಪರೂಪದ ಕೆಲಸ. ಆ ಕಾಯ್ದೆಯ 3ನೇ ಕಲಂ ನನಗೆ ತುಂಬಾ ಇಷ್ಟ. ಪ್ರಾಣಿ ಯಾರ ವಶದಲ್ಲಿದೆಯೋ ಅದರ ಯೋಗಕ್ಷೇಮ ಅವರ ಕರ್ತವ್ಯ ಎನ್ನುತ್ತದೆ. ಹೊಡೆಯಬೇಡ ಎಂದು ನಿಲ್ಲಿಸದೆ, ನೋಡಿಕೋ ಎಂದೂ ಹೇಳುತ್ತದೆ. ಲಂಡನ್ನಿನ ಪಕ್ಕ ಭುಲೇಶ್ವರವೂ ಒಳಗೆ ಬಂದು ಕೂತಿದೆ.

ಆದರೆ ದಂಡ 50 ರೂಪಾಯಿ. 1960ರಲ್ಲಿ ಒಬ್ಬ ಗಾಡಿಯವನಿಗೆ 50 ರೂಪಾಯಿ ಅಂದರೆ ಕಣ್ಣಲ್ಲಿ ನೀರು ಬರುವ ಮೊತ್ತ. ಕಾಯ್ದೆಯಲ್ಲಿ ಅಂಕಿ ಬರೆದರು, ಅಂಕಿ ಬೆಳೆಯುವ ದಾರಿ ಬರೆಯಲಿಲ್ಲ. ರೂಪಾಯಿ ಕರಗುತ್ತಾ ಹೋಯಿತು. ಇವತ್ತು ನಿಮ್ಮ ಹೋಟೆಲಿನಲ್ಲಿ ಅದಕ್ಕೆ ಒಂದು ಮಸಾಲೆದೋಸೆ ಬರುತ್ತದೋ ಇಲ್ಲವೋ. 2022ರಲ್ಲಿ ದಂಡ ಏರಿಸುವ ಕರಡು ಹೊರಬಂತು, ಸಾರ್ವಜನಿಕರ ಅಭಿಪ್ರಾಯವನ್ನೂ ಕೇಳಿದರು. ಮಗಳಿಗೆ ಠಾಣೆಯಲ್ಲಿ ಸಿಕ್ಕಿದ್ದು ಮಾತ್ರ ಹಳೆಯ 50.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬೇರೆ ದೇಶಗಳಲ್ಲಿ ಪ್ರಶ್ನೆಯೇ ಬದಲಾಯಿತು. ಬೀದಿಯಲ್ಲಿ ಕುದುರೆ ಕಡಿಮೆಯಾಯಿತು, ಕೋಳಿ, ಹಂದಿ, ಕರುಗಳು ಶೆಡ್ಡಿನೊಳಗೆ ಹೋದವು. ಹೊಡೆಯುವವರು ಯಾರೂ ಇಲ್ಲ. ಆದರೆ ಕೋಳಿಗೆ ರೆಕ್ಕೆ ಬಿಚ್ಚಲು ಜಾಗ ಇಲ್ಲ. ಇದು ಹಿಂಸೆಯೇ? ಬ್ರಿಟನ್ನಿನ ರೂತ್ ಹ್ಯಾರಿಸನ್ 1964ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದು ಗದ್ದಲ ಎಬ್ಬಿಸಿದಳು. ಸರ್ಕಾರ ಬ್ರಾಂಬೆಲ್ ಸಮಿತಿ ನೇಮಿಸಿತು. 1965ರಲ್ಲಿ ಸಮಿತಿ ಹೇಳಿದ್ದು ಇಷ್ಟೇ: ಪ್ರಾಣಿಗೆ ನಿಲ್ಲಲು, ಮಲಗಲು, ತಿರುಗಲು, ಮೈ ನೆಕ್ಕಿಕೊಳ್ಳಲು, ಕೈಕಾಲು ಚಾಚಲು ಆಗಬೇಕು. ಓದಿದರೆ ನಾಚಿಕೆಯಾಗುತ್ತದೆ, ಇಷ್ಟನ್ನೂ ಕೇಳಿ ಪಡೆಯಬೇಕಾಯಿತಲ್ಲ ಎಂದು. ಇದರಿಂದ ಬೆಳೆದದ್ದೇ ಐದು ಸ್ವಾತಂತ್ರ್ಯಗಳು: ಹಸಿವು ಬಾಯಾರಿಕೆಯಿಂದ, ಇಕ್ಕಟ್ಟಿನಿಂದ, ನೋವು ರೋಗದಿಂದ, ಭಯದಿಂದ ಬಿಡುಗಡೆ, ಮತ್ತು ತನ್ನ ಸಹಜ ನಡತೆಯಲ್ಲಿ ಬದುಕುವ ಅವಕಾಶ. ಯುರೋಪಿನ ಒಕ್ಕೂಟ ಬರೀ ತಂತಿಯ ಕೋಳಿಪಂಜರಗಳನ್ನು 2012ರ ಜನವರಿ 1ರಿಂದ ನಿಷೇಧಿಸಿತು. ಆ ಪಂಜರದಲ್ಲಿ ಒಂದು ಕೋಳಿಗೆ ಸಿಗುತ್ತಿದ್ದ ಜಾಗ 550 ಚದರ ಸೆಂಟಿಮೀಟರ್. ನಿಮ್ಮ ಬಿಲ್ ಪ್ರಿಂಟರ್ ಪಕ್ಕ ಇರುವ ಎ4 ಹಾಳೆಗಿಂತ ಚಿಕ್ಕದು.

ಹೋಟೆಲಿನವರಿಗೆ ಇನ್ನೂ ಹತ್ತಿರದ ಸಂಗತಿ ಇದೆ. ಸಿಗಡಿ ಜಾತಿಯ ದೊಡ್ಡ ಲಾಬ್‌ಸ್ಟರನ್ನು ಜೀವಂತ ಕುದಿಯುವ ನೀರಿಗೆ ಹಾಕುವುದನ್ನು ಸ್ವಿಟ್ಜರ್ಲೆಂಡ್ 2018ರಲ್ಲಿ ನಿಷೇಧಿಸಿತು, ಮೊದಲು ಪ್ರಜ್ಞೆ ತಪ್ಪಿಸಬೇಕು. ಬ್ರಿಟನ್ 2022ರ ಕಾನೂನಿನಲ್ಲಿ ಏಡಿ, ಸಿಗಡಿ, ಆಕ್ಟೋಪಸ್‌ಗಳನ್ನೂ ನೋವು ಅರಿಯುವ ಜೀವಿಗಳ ಪಟ್ಟಿಗೆ ಸೇರಿಸಿತು. ನಿಮ್ಮ ಅಡುಗೆಮನೆಗೆ ಇದು ಅನ್ವಯಿಸುವುದಿಲ್ಲ, ಗಾಬರಿ ಬೇಡ. 1822ರಲ್ಲಿ ನಾಯಿಯೂ ಇಲ್ಲದ ಪಟ್ಟಿಗೆ 200 ವರ್ಷದಲ್ಲಿ ಏಡಿ ಬಂತು ಎಂದಷ್ಟೇ ಹೇಳಿದೆ. ಕಾನೂನು ಯಾವಾಗಲೂ ಮುಂದಕ್ಕೇ ನಡೆದದ್ದೇನಲ್ಲ. ಅಮೆರಿಕದಲ್ಲಿ 1966ರಲ್ಲಿ ಲ್ಯಾಬಿನ ಪ್ರಾಣಿಗಳಿಗೆ ಕಾನೂನು ಮಾಡಿದರು, 2002ರಲ್ಲಿ ಪ್ರಯೋಗಕ್ಕೆಂದೇ ಬೆಳೆಸಿದ ಇಲಿ ಮತ್ತು ಹಕ್ಕಿಗಳನ್ನು ಅದರಿಂದ ಹೊರಗಿಟ್ಟರು. ಇನ್ನೊಂದು ಕಹಿ ಉದಾಹರಣೆ, ಜರ್ಮನಿಯ ಬಿಗಿಯಾದ ಪ್ರಾಣಿ ರಕ್ಷಣೆ ಕಾನೂನು 1933ರದ್ದು. ತಂದವರು ನಾಜಿಗಳು. ಪ್ರಾಣಿಗೆ ದಯೆ ತೋರಿಸುವವನು ಮನುಷ್ಯರಿಗೂ ಒಳ್ಳೆಯವನೇ ಎಂದು ಯಾರಾದರೂ ಹೇಳಿದರೆ ನಾನು ಈ ಇಸವಿ ನೆನಪಿಸುತ್ತೇನೆ. ಇಷ್ಟೆಲ್ಲ ದೇಶಗಳ ಕಾನೂನು ಸೇರಿದರೂ, ಎಲ್ಲರನ್ನೂ ಕಟ್ಟಿಹಾಕುವ ಒಂದು ಜಾಗತಿಕ ಒಪ್ಪಂದ ಪ್ರಾಣಿಹಿಂಸೆಯ ಬಗ್ಗೆ ಇಲ್ಲ.

ಇನ್ನು ನಿಮ್ಮ ಗೇಟಿನ ನಾಯಿ. 1832ರ ಪಾಠವನ್ನು ಮುಂಬಯಿ ಮರೆತು, 1990ರ ದಶಕದವರೆಗೂ ಇಲ್ಲಿ ಬೀದಿನಾಯಿಗಳನ್ನು ಕೊಲ್ಲುತ್ತಿದ್ದರು. ಸಂಖ್ಯೆ ಕಡಿಮೆಯಾಯಿತೇ? ಇಲ್ಲ. ಕಸದ ತೊಟ್ಟಿ ಇದ್ದಲ್ಲಿ ಅನ್ನ ಇದೆ, ಅನ್ನ ಇದ್ದಲ್ಲಿ ಖಾಲಿಯಾದ ಜಾಗಕ್ಕೆ ಪಕ್ಕದ ಗಲ್ಲಿಯ ನಾಯಿ ಬರುತ್ತದೆ, ಮರಿ ಹಾಕುತ್ತದೆ. ಚೆನ್ನೈನ ಬ್ಲೂ ಕ್ರಾಸ್ 1960ರ ದಶಕದಿಂದ ಹೇಳುತ್ತಿದ್ದ ದಾರಿಯೇ 2001ರಲ್ಲಿ ನಿಯಮವಾಯಿತು. ಹಿಡಿ, ಆಪರೇಶನ್ ಮಾಡು, ರೇಬೀಸ್ ಲಸಿಕೆ ಹಾಕು, ಹಿಡಿದ ಜಾಗದಲ್ಲೇ ಬಿಡು. ಕಿವಿಯ ತುದಿ ಕತ್ತರಿಸಿದ ಗುರುತು ಇದ್ದರೆ ಆಪರೇಶನ್ ಆಗಿದೆ ಎಂದು ಅರ್ಥ. 2023ರ ಹೊಸ ನಿಯಮದ ಪ್ರಕಾರ ನಾಯಿಗೆ ಊಟ ಹಾಕುವ ಜಾಗ ಮತ್ತು ಹೊತ್ತು ಗೊತ್ತುಮಾಡುವುದು ಸೊಸೈಟಿಯ ಜವಾಬ್ದಾರಿ. ಆ ಜಾಗ ಮಕ್ಕಳು ಆಡುವಲ್ಲಿ, ಮೆಟ್ಟಿಲ ಬಳಿ, ಗೇಟಿನ ಬಳಿ ಇರಬಾರದು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಆಪರೇಶನ್ ಆದ ನಾಯಿಗಳನ್ನು ಅದೇ ಜಾಗಕ್ಕೆ ಬಿಡಬೇಕು, ಹುಚ್ಚು ಹಿಡಿದವು ಮತ್ತು ಮೈಮೇಲೆ ಬೀಳುವವುಗಳನ್ನು ಬಿಡಬಾರದು, ಊಟ ಹಾಕಲು ಪ್ರತ್ಯೇಕ ಜಾಗ ಇರಬೇಕು ಎಂದಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ರೈಲ್ವೆ ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೆ ಬಿಡಬೇಡಿ ಎಂದಿತು. ಹೊಡೆದವರ ಸಿಟ್ಟಿಗೂ ಕಾರಣ ಇರಬಹುದು, ಕಚ್ಚಿಸಿಕೊಂಡವರ ಭಯ ಸಣ್ಣದಲ್ಲ. ಗೋವಾದಲ್ಲಿ ಮನೆಮನೆ ಸುತ್ತಿ, ಬಲೆ ಹಿಡಿದು, ವರ್ಷವೂ ನಾಯಿಗಳಿಗೆ ಲಸಿಕೆ ಹಾಕಿ, 2021ರಲ್ಲಿ ರಾಜ್ಯವನ್ನೇ ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿದರು. 100ರಲ್ಲಿ 70 ನಾಯಿಗಳಿಗೆ ಲಸಿಕೆ ಬಿದ್ದರೆ ರೇಬೀಸ್ ಹರಡುವ ಸರಪಳಿ ತುಂಡಾಗುತ್ತದೆ. ಸಲಾಕೆಯಿಂದ ಆಗದ ಕೆಲಸ ಸೂಜಿಯಿಂದ ಆಗಿದೆ. ಸೊಸೈಟಿಯ ಮೀಟಿಂಗಿನಲ್ಲಿ ಇದನ್ನು ಹೇಳಿ.

ಕಡೆಯದು ಕಂಬಳ. ಇದೇ ಜನ ಅಲ್ವಾ ಎಂದು ಕೇಳಿದ್ದೀರಿ. ಜಲ್ಲಿಕಟ್ಟು ಮತ್ತು ಮಹಾರಾಷ್ಟ್ರದ ಎತ್ತಿನಗಾಡಿ ಓಟದ ವಿರುದ್ಧ ಸುಪ್ರೀಂ ಕೋರ್ಟಿನಲ್ಲಿ ನಿಂತವರಲ್ಲಿ ಮೊದಲ ಹೆಸರು ರುಕ್ಮಿಣಿ ದೇವಿಯವರ ಅದೇ ಮಂಡಳಿಯದ್ದು. ನಮ್ಮ ಸಂಸತ್ತೇ ಮಾಡಿದ ಮಂಡಳಿ. 2014ರ ಮೇ 7ರ ತೀರ್ಪು ಐದು ಸ್ವಾತಂತ್ರ್ಯಗಳನ್ನು ನಮ್ಮ ಕಾಯ್ದೆಯೊಳಗೇ ಓದಿ, ಆಟ ನಿಲ್ಲಿಸಿತು. ಅದರ ಬಿಸಿ ಕಂಬಳಕ್ಕೂ ತಟ್ಟಿತು. 2017ರಲ್ಲಿ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರ ತಿದ್ದುಪಡಿ ತಂದವು. 2021ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಶರ್ಯತ್ತುಗಳಿಗೆ, ಅಂದರೆ ಎತ್ತಿನಗಾಡಿ ಓಟಗಳಿಗೆ, ಕೋರ್ಟು ತಾತ್ಕಾಲಿಕವಾಗಿ ಒಪ್ಪಿತು, 2023ರ ಮೇ 18ರಂದು ಸಂವಿಧಾನ ಪೀಠ ಮೂರೂ ರಾಜ್ಯಗಳ ತಿದ್ದುಪಡಿ ಎತ್ತಿಹಿಡಿಯಿತು. ಗೋವಾದ ಧಿರಿಯೊ, ಅಂದರೆ ಹೋರಿ ಕಾಳಗ, 1990ರ ದಶಕದಲ್ಲಿ ಹೈಕೋರ್ಟಿನಿಂದ ನಿಂತದ್ದು ಮಾತ್ರ ಹಾಗೆ ಬಿಡಿಸಿಕೊಳ್ಳಲಿಲ್ಲ. ಮುಂಬಯಿಯ ವಿಕ್ಟೋರಿಯಾ ಕುದುರೆಗಾಡಿಗಳಿಗೂ 2015ರಲ್ಲಿ ಬಾಂಬೆ ಹೈಕೋರ್ಟು ಮಂಗಳ ಹಾಡಿತು. ಡಾಂಬರಿನ ಮೇಲೆ ದಿನವಿಡೀ ಓಡಿ ಗೊರಸು ಸವೆದ ಆ ಕುದುರೆಗಳನ್ನು ಹತ್ತಿರದಿಂದ ಕಂಡ ನನಗೆ ಅದರಲ್ಲಿ ಬೇಸರವಿಲ್ಲ.

ಕಂಬಳದ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಕೋಣ ಸಾಕುವ ಮನೆಯವರ ಕಾಳಜಿಯನ್ನು ನಾನು ಕಂಡಿದ್ದೇನೆ. ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ, ಈಜಲು ಕೆರೆಗಿಳಿಸಿ ಸಾಕುತ್ತಾರೆ. ಎಷ್ಟೋ ಮಕ್ಕಳಿಗೆ ಅಷ್ಟು ಉಪಚಾರ ಇಲ್ಲ. ಕಾನೂನು ಕೇಳುವುದು ಮಾತ್ರ ಓಟದ ಆ ಕೆಲವೇ ಸೆಕೆಂಡುಗಳ ಲೆಕ್ಕ. ಈ ಸಲ ಊರಿಗೆ ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿ. ಓಟ ಶುರುವಾಗುವ ಗಂತಿನಲ್ಲಿ ಜನ ಜಾಸ್ತಿ, ಏನೂ ಕಾಣುವುದಿಲ್ಲ. ಓಟ ಮುಗಿಯುವ ಮಂಜೊಟ್ಟಿಯ ಬಳಿ ನಿಲ್ಲಿ. ಕೋಣಗಳು ಓಡಿ ಬಂದು ನಿಂತು, ಕೆಸರು ತೊಳೆಯಲು ನೀರು ಹೊಯ್ಯುತ್ತಾರಲ್ಲ, ಆಗ ಇಬ್ಬರೂ ಸೇರಿ ಅವುಗಳ ಬೆನ್ನು ನೋಡಿ.